ಹನ್ನೆರಡರಿಂದ ಮೂರು

ಪಾಸ್ಟರ್ ಮರಿಸ್ವಾಮಿಯಷ್ಟು ಉದ್ದ ಪ್ರಾರ್ಥನೆ ಮಾಡುವವರು ಸಿಂಧನೂರು ತಾಲೂಕಿನಲ್ಲೇ ಇರಲಿಲ್ಲ. ಜವಳಗೇರಾ ದಾರಿಯ ಆ ಪುಟ್ಟ ಚರ್ಚಿನಲ್ಲಿ ಅವನು ಕಣ್ಣು ಮುಚ್ಚಿದನೆಂದರೆ, ಒಲೆಯ ಮೇಲೆ ಅನ್ನ ಇಟ್ಟು ಬಂದವರ ಎದೆ ಧಸಕ್ಕೆನ್ನುತ್ತಿತ್ತು. ರೋಗಿಗಳು, ಪರೀಕ್ಷೆ ಬರೆಯುವ ಹುಡುಗರು, ಕಾಲುವೆಯ ನೀರು, ಮಂತ್ರಿಮಂಡಲ, ಒಂದನ್ನೂ ಬಿಡುತ್ತಿರಲಿಲ್ಲ. ದೇವರ ಮುಂದೆ ಇಷ್ಟು ಹರಿಯುವ ಬಾಯಿ ಮನುಷ್ಯರ ಮುಂದೆ, ಅದರಲ್ಲೂ ಕಾರಿನಲ್ಲಿ ಬರುವ ಮನುಷ್ಯರ ಮುಂದೆ, ಯಾಕೆ ಕಟ್ಟಿಹೋಗುತ್ತದೆ ಎನ್ನುವುದು ಅವನಿಗೂ ಗೊತ್ತಿತ್ತು. ಪುಕ್ಕಲುತನ, ಇನ್ನೇನು! ಅದಕ್ಕೆ ಅವನು ‘ದೇವರ ಸಮಯಕ್ಕೆ ಕಾಯುವುದು’ ಎಂದು ಹೆಸರಿಟ್ಟುಕೊಂಡಿದ್ದ.

ಆ ಚರ್ಚಿಗೆ ಕಾರಿನಲ್ಲಿ ಬರುವವನು ಒಬ್ಬನೇ, ಸಭೆಯ ಹಿರಿಯ ಕೃಪಾನಂದಂ. ಅವನ ಅಪ್ಪ ಕಾಲುವೆ ಬಂದ ಕಾಲಕ್ಕೆ ಆಂಧ್ರದಿಂದ ಬಂದು ವಲಸೆ ರೈತರ ಕ್ಯಾಂಪಿನಲ್ಲಿ ನೆಲೆ ನಿಂತಿದ್ದ; ಮಗ ರೈಸ್ ಮಿಲ್ಲು ಕಟ್ಟಿದ. ಚರ್ಚಿನ ಛಾವಣಿ, ಫ್ಯಾನು, ಪಾಸ್ಟರ್ ಇರುವ ಮನೆ, ಎಲ್ಲವೂ ಅವನ ಕೊಡುಗೆ. ಮಿಲ್ಲಿನ ಸಿಮೆಂಟಿನ ಅಂಗಳದಲ್ಲಿ ಬೇಯಿಸಿದ ಭತ್ತ ಹರಡಿರುತ್ತಿದ್ದರು. ಹೆಣ್ಣುಮಕ್ಕಳು ಅದರೊಳಗೆ ಕಾಲೆಳೆದು ನಡೆಯುತ್ತ ಕಾಳನ್ನು ತಿರುವಿಹಾಕಬೇಕು. ಕಾಳಿನ ಮೇಲೆ ಚಪ್ಪಲಿ ಮೆಟ್ಟುವಂತಿಲ್ಲ, ಮೊದಲಿನಿಂದ ಬಂದ ಪದ್ಧತಿ. ಏಪ್ರಿಲ್ ತಿಂಗಳ ನಡುಮಧ್ಯಾಹ್ನ, ಆ ಸಿಮೆಂಟು, ಬರಿಗಾಲು! ಯಾರಿಗೆ ಬೇಕು ಆ ಪಾಡು?

ನಾಗವೇಣಿಗೆ ಬೇಕಾಗಿತ್ತು, ಕೂಲಿ ಅಲ್ಲೇ ಇತ್ತಲ್ಲ. ಚರ್ಚಿನಲ್ಲಿ ಎಲ್ಲರಿಗಿಂತ ಹಿಂದಿನ ಚಾಪೆಯ ಮೇಲೆ ಕೂರುವ ಈ ಹೆಣ್ಣುಮಗಳು ಈಸ್ಟರಿಗೆ ಮುಂಚಿನ ಲೆಂಟ್ ಉಪವಾಸದ ಮೊದಲ ಭಾನುವಾರವೇ ಪಾಸ್ಟರನನ್ನು ಬಾಗಿಲಲ್ಲಿ ತಡೆದಿದ್ದಳು.

“ಪಾಸ್ಟ್ರೇ, ಹನ್ನೆರಡರಿಂದ ಮೂರರ ತನ ಅಂಗಳದ ಕೆಲಸ ಬಂದ್ ಮಾಡ್ರಿ ಅಂತ ಸಾವ್ಕಾರ್ರಿಗೆ ಒಂದ್ ಮಾತು ಹೇಳ್ರಿ. ಬೆಳಿಗ್ಗಿ ಲಗೂನ ಬರ್ತೀವಿ, ಸಂಜಿಮುಂದ ತಡ ಮಾಡಿ ಹೋಗ್ತೀವಿ. ಅಂಗಾಲೆಲ್ಲ ಬೊಬ್ಬಿ ಎದ್ದಾವ. ನಾವು ಬಾಯಿ ತೆರದ್ರ ನಾಳಿಂದ ಬರಬ್ಯಾಡ್ರಿ ಅಂತಾರ.”

“ಪ್ರಾರ್ಥನಾ ಮಾಡೂಣವ್ವಾ,” ಎಂದ ಮರಿಸ್ವಾಮಿ.

ಮಾಡಿದ. ಐದು ಭಾನುವಾರ ಮಾಡಿದ. ‘ದುಡಿಯುವವರ ಪಾದಗಳನ್ನು ತಂಪುಗೊಳಿಸು ತಂದೆಯೇ’ ಎಂದು, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಮುಂದಿನ ಸಾಲಿನಿಂದ ಕೃಪಾನಂದಂ ಎಲ್ಲರಿಗಿಂತ ಜೋರಾಗಿ ಆಮೆನ್ ಎಂದ. ಮನೆಗೆ ಬಂದರೆ ಹೆಂಡತಿ ಜ್ಯೋತಿ ರೊಟ್ಟಿ ಬಡಿಯುತ್ತ ಕೇಳಿದಳು: “ದೇವರಿಗೆ ಮಿಲ್ಲಿನ ಅಡ್ರೆಸ್ಸು ಹೇಳ್ಬೇಕಿಲ್ರೀ? ಪಾಪ, ಯಾರ ಪಾದ, ಎಲ್ಲಿ ಪಾದ ಅಂತ ಹುಡುಕ್ಯಾಡಾಕತ್ತಿದ್ದಾನು.” ಮರಿಸ್ವಾಮಿ ದೊಡ್ಡದೊಂದು ತುತ್ತು ಬಾಯಿಗಿಟ್ಟುಕೊಂಡ. ಬಾಯಲ್ಲಿ ರೊಟ್ಟಿ ಇದ್ದವನು ಉತ್ತರ ಕೊಡಬೇಕಾಗಿಲ್ಲ.

ಗುಡ್ ಫ್ರೈಡೆಯ ಹಿಂದಿನ ಗುರುವಾರ ಬಂತು. ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ ಪಾಸ್ಟರು ಹನ್ನೆರಡು ಮಂದಿಯ ಕಾಲು ತೊಳೆಯುವ ಸಂಜೆ. ಹನ್ನೆರಡೂ ಗಂಡಸರೇ, ಮತ್ತು ಆ ಹನ್ನೆರಡರಲ್ಲಿ ಒಬ್ಬರಾಗಲು ಪಂಚಾಯ್ತಿ ಚುನಾವಣೆಗಿಂತ ಹೆಚ್ಚು ಗದ್ದಲ. ಆಯ್ಕೆಯಾದವರು ಮನೆಯಲ್ಲೇ ಸಾಬೂನು ಹಚ್ಚಿ, ಕಲ್ಲಿನಿಂದ ಹಿಮ್ಮಡಿ ಉಜ್ಜಿ, ಉಗುರು ಕತ್ತರಿಸಿಕೊಂಡು ಬರುತ್ತಿದ್ದರು. ಪಾಸ್ಟರಿಗೆ ಹೊಲಸು ಕಾಲು ಕೊಡುವುದು ಹೇಗೆ? ಹೀಗೆ ಮರಿಸ್ವಾಮಿ ವರ್ಷವೂ ತೊಳೆದ ಕಾಲುಗಳನ್ನೇ ತೊಳೆದು, ಕಣ್ಣಲ್ಲಿ ನೀರು ತಂದುಕೊಂಡು, ತನ್ನ ದೀನತೆಗೆ ತಾನೇ ಬೆರಗಾಗಿ ಮನೆಗೆ ಹೋಗುತ್ತಿದ್ದ.

ಈ ಸಲ ಹನ್ನೆರಡರಲ್ಲಿ ಒಬ್ಬನಾದ ಪಂಪಾಪತಿ ಲಿಂಗಸುಗೂರಿಗೆ ಹೋಗಿದ್ದ, ಅವನು ಬರುವ ಬಸ್ಸು ಮಸ್ಕಿಯಲ್ಲಿ ಕೆಟ್ಟು ನಿಂತಿತು. ಹನ್ನೊಂದನೆಯ ಕುರ್ಚಿ ಖಾಲಿ ಉಳಿಯಿತು. ಹಾಡು ಮುಗಿಯುವಷ್ಟರಲ್ಲಿ ನಾಗವೇಣಿ ಹಿಂದಿನಿಂದ ಎದ್ದು, ಕುಂಟುತ್ತ ಬಂದು ಅಲ್ಲಿ ಕೂತಳು. ಪಕ್ಕದ ಕೊನೆಯ ಕುರ್ಚಿಯಲ್ಲಿ ಕೃಪಾನಂದಂ ಇದ್ದ.

“ಶಿಷ್ಯರೊಳಗ ಹೆಣ್ಮಗಳು ಎಲ್ಲಿಂದ ಬಂದ್ಲಪಾ?” ಎಂದು ಯಾರೋ ಗೊಣಗಿದರು. ಮರಿಸ್ವಾಮಿ ಮೊಣಕಾಲ ಮೇಲೆ ಸರಿಯುತ್ತ, ಹತ್ತು ಜೋಡಿ ಸಾಬೂನಿನ ಕಾಲು ದಾಟಿ ಅವಳ ಮುಂದೆ ಬಂದ. ಅವಳು ನೀರಿನ ಪರಾತದಲ್ಲಿ ಕಾಲಿಟ್ಟಳು. ಅಂಗಾಲಿನ ತುಂಬ ಬೊಬ್ಬೆ. ಕೆಲವು ಒಡೆದು ಕೆಂಪಗಾಗಿದ್ದವು. ನೀರು ತಾಗಿದ್ದೇ “ಯವ್ವಾ!” ಎಂದು ಹಲ್ಲು ಕಚ್ಚಿದಳು. ಕೃಪಾನಂದಂ ಗೋಡೆ ನೋಡತೊಡಗಿದ.

ಈಗಲಾದರೂ ಹೇಳೋ ಎಂದು ಒಳಗಿನಿಂದ ಯಾರೋ ತಿವಿದ ಹಾಗಾಯಿತು. ಮರಿಸ್ವಾಮಿ ಬಾಯಿ ತೆರೆದ. ಹೊರಬಿದ್ದದ್ದು, “ದಯಾಮಯನಾದ ದೇವರೇ...” ಥೂ, ಇವನ ಬಾಯಿಗಿಷ್ಟು! ಕಣ್ಣು ಮುಚ್ಚಿದ ಕೂಡಲೇ ಎಷ್ಟು ಹಾಯೆನಿಸಿತೆಂದರೆ, ಪ್ರಾರ್ಥನೆ ನಾಲ್ಕೇ ಮಾತಿನಲ್ಲಿ ಜವಳಗೇರಾ ದಾಟಿ ಇಸ್ರಾಯೇಲರ ಮರುಭೂಮಿ ತಲುಪಿಬಿಟ್ಟಿತು.

ನಾಗವೇಣಿ ಅವನ ಭುಜ ತಟ್ಟಿದಳು. “ಪಾಸ್ಟ್ರೇ, ದೇವರಿಗೆ ಕೇಳ್ಸೈತ್ರಿ. ಸಾವ್ಕಾರ್ರು ಇಲ್ಲೇ ಬಾಜೂಕ ಕುಂತಾರ. ಅವರಿಗೆ ಹೇಳ್ರಿ.”

ಮರಿಸ್ವಾಮಿಗೆ ನಾಚಿಕೆಯಿಂದ ಕಿವಿ ಬಿಸಿಯಾದವು. ಪರಾತ ಸರಿಸಿಕೊಂಡು ಕೃಪಾನಂದಂನ ಕಾಲು ಹಿಡಿದ. ಅವನೇ ಕೊಟ್ಟ ಮನೆ ಕಣ್ಣಮುಂದೆ ಬಂತು, ಮನೆಯ ಮುಂದೆ ಹೊರಗಿಟ್ಟ ಪಾತ್ರೆಪಗಡಗಳೂ ಬಂದವು. “ಸಾವ್ಕಾರ್ರ, ಹನ್ನೆರಡರಿಂದ ಮೂರರ ತನ ಅಂಗಳದ ಕೆಲಸ ಬಂದ್ ಮಾಡ್ರಿ,” ಎಂದ.

ಕೃಪಾನಂದಂ ಕಾಲು ಎಳೆದುಕೊಂಡ. ಮರಿಸ್ವಾಮಿ ಬಿಡಲಿಲ್ಲ. ಮತ್ತೆ ಎಳೆದ. ಬಿಡಲಿಲ್ಲ. ಧೈರ್ಯವೇನಲ್ಲ ಅದು, ಬಿಟ್ಟರೆ ತಲೆ ಎತ್ತಿ ಮುಖ ನೋಡಬೇಕಲ್ಲ ಎಂಬ ಹೆದರಿಕೆ.

“ಏಮಯ್ಯಾ, ಕಾಲು ಬಿಡು! ತಿರುವಲಿಲ್ಲಂದ್ರ ಭತ್ತ ಕೆಡತೈತಿ. ಯಾರು ತಿರುವ್ತಾರ, ನೀನು ತಿರುವ್ತೀಯಾ?”

“ಹೂಂರೀ. ನಾಳೆ ಹನ್ನೆರಡಕ್ಕ ಬರ್ತೀನಿ.”

“ನಾಳೆ ಹನ್ನೆರಡಕ್ಕ ಆರಾಧನೆ ಇಲ್ಲೇನು?”

ಇತ್ತು. ಗುಡ್ ಫ್ರೈಡೆಯ ದಿನ ಹನ್ನೆರಡರಿಂದ ಮೂರು, ಕ್ರಿಸ್ತನು ಶಿಲುಬೆಯ ಮೇಲೆ ಒದ್ದಾಡಿದ ಮೂರು ತಾಸು. ಆ ಮೂರು ತಾಸು ಮರಿಸ್ವಾಮಿ ಫ್ಯಾನಿನ ಕೆಳಗೆ ನಿಂತು ಆ ಸಂಕಟವನ್ನು ವರ್ಣಿಸುತ್ತಿದ್ದ, ಕೃಪಾನಂದಂ ಫ್ಯಾನಿನ ಕೆಳಗೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದ. ನಾಗವೇಣಿ ಒಮ್ಮೆಯೂ ಬಂದಿರಲಿಲ್ಲ. ಹೋದ ವರ್ಷವಂತೂ ಮರಿಸ್ವಾಮಿ ‘ಕರ್ತನಿಗಾಗಿ ಮೂರು ತಾಸು ಕೊಡಲಾರದವರು’ ಎಂದು ಅವಳಂಥವರಿಗೆ ವೇದಿಕೆಯಿಂದಲೇ ಮಂಗಳಾರತಿ ಮಾಡಿದ್ದ. ಅವಳು ಎಲ್ಲಿದ್ದಳೆಂದು ಕೇಳುವುದು ಮಾತ್ರ ಈ ಮಹಾನುಭಾವನಿಗೆ ಹೊಳೆದಿರಲಿಲ್ಲ.

“ಆರಾಧನೆ ಅಲ್ಲೇ ರೀ, ಅಂಗಳದಾಗ,” ಎಂದ.

ಶುಕ್ರವಾರ ಇಡೀ ಸಭೆ ಮಿಲ್ಲಿನ ಬೇವಿನ ಗಿಡದ ಕೆಳಗೆ ಬಂದು ಕೂತಿತು. ಭಕ್ತಿಗಿಂತ ತಮಾಷೆ ನೋಡುವ ಆಸೆಯೇ ಹೆಚ್ಚು. ಹೆಣ್ಣಾಳುಗಳನ್ನೂ ನೆರಳಿಗೆ ಕರೆದರು. ಕೃಪಾನಂದಂ ಆಫೀಸಿನ ಕಟ್ಟೆಯ ಮೇಲೆ ಕುರ್ಚಿ ಹಾಕಿಸಿಕೊಂಡ. ಮರಿಸ್ವಾಮಿ ಚಪ್ಪಲಿ ಬಿಟ್ಟು, ಬಿಳಿ ನಿಲುವಂಗಿ ಎತ್ತಿ ಕಟ್ಟಿ ಭತ್ತದೊಳಗೆ ಇಳಿದ. ಮೊದಲ ಸಾಲನ್ನು ಪಾಸ್ಟರಂತೆ ನಡೆದ. ಎರಡನೆಯದರಲ್ಲಿ ಕುಣಿಯತೊಡಗಿದ. ಯೇಸು ಶಿಲುಬೆಯಿಂದ ಆಡಿದ ಏಳು ಮಾತುಗಳ ಮೇಲೆ ಪ್ರಸಂಗ ಬಾಯಿಪಾಠವಾಗಿತ್ತು, ಒಂದಾದರೂ ನೆನಪಿಗೆ ಬಂದರೆ ಕೇಳಿ!

“ನಿಲ್ಲಬ್ಯಾಡ್ರೀ ಪಾಸ್ಟ್ರೇ! ನಿಂತ್ರ ಇನ್ನಾ ಸುಡತೈತಿ! ಕಾಲು ಎಳೀರಿ, ಎತ್ತಬ್ಯಾಡ್ರಿ!” ನಾಗವೇಣಿ ನೆರಳಿನಿಂದ ಕೂಗಿದಳು. ಹೆಣ್ಣುಮಕ್ಕಳು ಬಿದ್ದು ಬಿದ್ದು ನಕ್ಕರು. ನಾಲ್ಕನೆಯ ಸಾಲಿಗೆ ನಗು ತಾನಾಗಿ ನಿಂತಿತು. ಜ್ಯೋತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎದ್ದು ನಿಂತಿದ್ದಳು. ಮರಿಸ್ವಾಮಿ ಅಳುತ್ತಿದ್ದ, ಮತ್ತು ಈ ಸಲದ ಕಣ್ಣೀರಿಗೆ ದೀನತೆಯ ಸಂಬಂಧವೇ ಇರಲಿಲ್ಲ.

ಹನ್ನೆರಡೂಕಾಲು ಗಂಟೆಗೆ ಕೃಪಾನಂದಂ ಕಟ್ಟೆಯಿಂದ ಇಳಿದು ಬಂದ. “ಸಾಕು ಬಾರಯ್ಯಾ! ಬಂದ್ ಮಾಡ್ತೀನಿ. ಇವತ್ತೂ ಬಂದ್, ಬ್ಯಾಸಗಿ ಮುಗಿಯೋ ತನ ದಿನಾ ಬಂದ್. ನಿನ್ನ ಕಾಲು ನನ್ನ ಕೈಲೆ ನೋಡಾಕ ಆಗವಲ್ದು!”

ಸಭೆ ಸ್ತೋತ್ರ ಎಂದು ಕೂಗಿತು. ಇಬ್ಬರು ಹಿರಿಯರು ಮರಿಸ್ವಾಮಿಯ ರಟ್ಟೆ ಹಿಡಿದು ನೆರಳಿಗೆ ತಂದು ಹೆಣ್ಣುಮಕ್ಕಳ ನಡುವೆ ಕೂರಿಸಿದರು. ನಾಗವೇಣಿ ತನ್ನ ಬಾಟಲಿಯ ನೀರು ಅವನ ಕೈಗೆ ಕೊಟ್ಟು, ಅವನ ಅಂಗಾಲು ನೋಡಿದಳು. ಎರಡು ಬೊಬ್ಬೆ ಎದ್ದಿದ್ದವು.

“ಕಾಲು ತಾಸೂ ನಿಮ್ಮ ಕಾಲು ನೋಡಾಕ ಆಗ್ಲಿಲ್ಲ ಸಾವ್ಕಾರ್ರಿಗೆ,” ಎಂದಳು ಮೆಲ್ಲಗೆ. “ನಮ್ಮವು ಆರು ವರ್ಷದಿಂದ ನೋಡಾಕತ್ತಾರ.”

ಮರಿಸ್ವಾಮಿ ಬಾಟಲಿ ಕೆಳಗಿಟ್ಟ.

“ನಾನೂ ನೋಡ್ಕೋತ ಕುಂತಿದ್ದೆನವ್ವಾ,” ಎಂದ.