ಅಧ್ಯಕ್ಷರ ಕೋವಿ

ನಮ್ಮ ಮನೆಯಲ್ಲಿ ಕೋವಿಗೆ ಇರುವ ಮರ್ಯಾದೆ ನನಗಿಲ್ಲ. ತೊಂಬತ್ತೊಂಬತ್ತರ ಚುನಾವಣೆಗೆಂದು ಸರ್ಕಾರ ಎಲ್ಲರ ಕೋವಿಯನ್ನೂ ಠಾಣೆಯಲ್ಲಿ ಇಡಿಸಿಕೊಂಡಾಗ ನಮ್ಮ ಯಜಮಾನರು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ನಾನು ಹೆರಿಗೆಗೆ ತವರಿಗೆ ಹೋಗಿದ್ದಾಗ ಊಟ ಚೆನ್ನಾಗಿಯೇ ಸೇರುತ್ತಿತ್ತಂತೆ.

ಕೋವಿ ವಾಪಸು ಬರುವ ಹೊತ್ತಿಗೆ ಕಾಡುಹಂದಿಗಳು ಅರ್ಧ ಜೋಳ ಮುಗಿಸಿದ್ದವು, ಅದು ಸುಳ್ಳಲ್ಲ. ಆ ಸಿಟ್ಟಿಗೆ ಪಿರಿಯಾಪಟ್ಟಣದಲ್ಲಿ ಕೋವಿದಾರ ರೈತರ ಸಂಘವೊಂದು ಹುಟ್ಟಿತು. ಗಂಡನ ಹೆಸರು ನಾನು ಹೇಳುವಂತಿಲ್ಲ. ಲೆಟರ್‌ಹೆಡ್ಡಿನಲ್ಲಿ ‘ದೊಡ್ಡಮಾದಯ್ಯ, ಅಧ್ಯಕ್ಷರು’ ಎಂದು ಅಚ್ಚಾಗಿದೆ, ಅಲ್ಲೇ ಓದಿಕೊಳ್ಳಿ. ಬೇಡಿಕೆ ಒಂದೇ: ನಾವು ಜವಾಬ್ದಾರಿಯುತ ಕೋವಿದಾರರು, ಮುಂದಿನ ಚುನಾವಣೆಗೆ ನಮ್ಮ ಕೋವಿ ಕೇಳಬಾರದು.

“ಕೊಡಗ್ನೋರಿಗೆ ಲೈಸೆನ್ಸೇ ಬ್ಯಾಡ. ನಾವೇನ್ ಪಾಪ ಮಾಡಿದ್ದೀವಿ? ಗಡಿ ಆಚೆ ಹಂದಿ ಬ್ಯಾರೆ, ಈಚೆ ಹಂದಿ ಬ್ಯಾರೆಯಾ?” ಎಂದು ಅವರು ಹುಣಸೂರಿನಿಂದ ಹ್ಯಾಂಡ್‌ಪೋಸ್ಟಿನವರೆಗೆ ಕೇಳದ ಟೀ ಅಂಗಡಿಯಿಲ್ಲ.

ಆಯುಧಪೂಜೆಯ ಬೆಳಿಗ್ಗೆ ಸಂಘದ ಏಳು ಕೋವಿಗಳು ನಮ್ಮ ಜಗುಲಿಯ ಚಾಪೆಯ ಮೇಲೆ ಸಾಲಾಗಿ ಮಲಗಿದವು. ಪೂಜೆ ಮುಗಿಸಿ, ಮನವಿಗೆ ಸಹಿ ಹಾಕಿ, ರಜೆಯಾದರೂ ಎ.ಸಿ. ಸಾಹೇಬರ ಮನೆಗೇ ಹೋಗಿ ಕೊಡಲು ಹುಣಸೂರಿನ ಬಸ್ಸು ಹತ್ತುವುದೆಂದು ಕಾರ್ಯಕ್ರಮ.

“ಏನ್ರೀ, ಎಲ್ಲ ಬರೀದು ತಾನೆ?” ಎಂದೆ.

“ಲೈಸೆನ್ಸ್ ಇರೋರ್ನ ಕೇಳೋ ಮಾತಾ ಇದು? ಕಜ್ಜಾಯ ಸೀದೋಗ್ತದೆ, ಓಗಮ್ಮಿ.”

ನಾನು ಒಲೆಯ ಮುಂದಿನಿಂದ ಎದ್ದು ಆರತಿ ತಟ್ಟೆ ತರುವಾಗ ಕಾರ್ಯದರ್ಶಿ ನಂಜಣ್ಣ ಮನವಿ ಓದುತ್ತಿದ್ದರು: “ಕೋವಿಯನ್ನು ಮಕ್ಕಳ ಕೈಗೆ ಸಿಗದಂತೆ, ಈಡು ತುಂಬದೆ, ಭದ್ರವಾಗಿ ಕಾಪಾಡುವ ನಾವು…” ಅತ್ತ ನಮ್ಮ ಎಂಟು ವರ್ಷದ ರಮ್ಯಾ ಕುಂಕುಮದ ಬಟ್ಟಲು ಹಿಡಿದು ನಮ್ಮ ಕೋವಿಯ ಮುಂದೆ ಮಂಡಿಯೂರಿದ್ದಳು. ಅವಳ ಮುಖ ಕೊಳವೆಗೆ ನೇರವಾಗಿತ್ತು. “ಬಾಯ್ಗೂ ಒಂದ್ ಬೊಟ್ಟಿಕ್ಕವ್ವ” ಎಂದು ಅಧ್ಯಕ್ಷರು ಹೇಳಿಕೊಡುತ್ತಿದ್ದರು.

ನಮ್ಮಪ್ಪನ ಹತ್ತಿರವೂ ಇಂಥದೇ ಕೋವಿಯಿತ್ತು. ಬಾಯಿಂದ ಮದ್ದುಗುಂಡಿನ ಈಡು ತುಂಬುವ ಜಾತಿ, ಹೊರಗಿನಿಂದ ನೋಡಿದರೆ ಏನೂ ತಿಳಿಯದು. ಕೊಳವೆಯೊಳಗೆ ಗಜ, ಅಂದರೆ ಈಡು ಜಡಿಯುವ ಕಬ್ಬಿಣದ ಸರಳು, ಬಿಟ್ಟು ನೋಡಬೇಕು. ಬರಿದಾಗಿದ್ದರೆ ಠಣ್ ಎಂದು ತಳ ಮುಟ್ಟುತ್ತದೆ; ತುಂಬಿದ್ದರೆ ಮೇಲೆಯೇ ನಿಲ್ಲುತ್ತದೆ. ಗಜ ಬಿಡದೆ ನಮ್ಮಪ್ಪ ಎಂದೂ ಕೋವಿಯನ್ನು ಹೊಸಿಲು ದಾಟಿಸಿದವರಲ್ಲ.

ರಮ್ಯಾಳ ಜಡೆ ಹಿಡಿದು ಪಕ್ಕಕ್ಕೆ ಎಳೆದೆ. ಕೋವಿ ಎತ್ತಿ ನಿಲ್ಲಿಸಿ ಗಜ ಬಿಟ್ಟೆ. ದೊಪ್ ಎಂದಿತು. ಒಂದು ಗೇಣು ಗಜ ಹೊರಗೇ ನಿಂತಿತು. ಕಿಡಿ ಹಾರಿಸುವ ಕೇಪೂ ಅದರ ಜಾಗದಲ್ಲೇ ಇತ್ತು, ಅದರ ಮೇಲೂ ಮಗಳ ಕುಂಕುಮ.

ಒಬ್ಬೊಬ್ಬರೇ ತಮ್ಮ ತಮ್ಮ ಕೋವಿಗೆ ಗಜ ಬಿಟ್ಟರು. ಐದು ಠಣ್ ಎಂದವು. ಉಳಿದೊಂದು ಅನ್ನಲಿಲ್ಲ. ಅದು ಮನವಿ ಓದುತ್ತಿದ್ದ ನಂಜಣ್ಣನವರದು.

“ಠಾಣೆಯೋರು ಕೊಟ್ಟಾಗ ಬರೀದೇ ಇತ್ತು ಕಣಮ್ಮಿ” ಎಂದರು ಯಜಮಾನರು. “ಮೊನ್ನೆ ಹಂದಿಗೆ ಅಂತ ತುಂಬಿದ್ದೆ. ಅದು ಬರ್ಲಿಲ್ಲ.”

ಅಂತೂ ತಪ್ಪು ಹಂದಿಯದೆಂದು ತೀರ್ಮಾನವಾಯಿತು.

ಈಡು ಖಾಲಿ ಮಾಡಲು ಹೊಲದ ಬದುವಿಗೆ ಹೊಡೆದರು. ಒಂದು ಮಂಕರಿ ಮಣ್ಣು ಹಾರಿತು. ಕಿವಿ ಮುಚ್ಚಿಕೊಂಡಿದ್ದ ರಮ್ಯಾ ಆ ಗುಂಡಿಯನ್ನು ನೋಡಿ ಕೇಳಿದಳು: “ಅಪ್ಪ, ನಾನ್ ಬೊಟ್ಟಿಕ್ಕಿದ್ದು ಇದ್ರ ಬಾಯ್ಗೇ ಅಲ್ವಾ?”

ತಾಲ್ಲೂಕು ತುಂಬ ಭಾಷಣ ಮಾಡಿದ ಮನುಷ್ಯ ಅಲ್ಲೇ ಬದುವಿನ ಮೇಲೆ ಕುಳಿತುಬಿಟ್ಟರು. ಹುಣಸೂರಿನ ಬಸ್ಸು ಹೋಯಿತು. ನಾನು ಹೇಳಿದೆ: “ಈ ಮನೇಲಿ ಅದಿರ್ಬೇಕೋ, ನಾನೂ ಮಗಳೂ ಇರ್ಬೇಕೋ, ನೀವೇ ಹೇಳಿ.”

ಮರುದಿನ ಅವರೇ ಕೋವಿ ಹೊತ್ತು ಠಾಣೆಗೆ ಹೋದರು. “ಚುನಾವಣೆ ಮುಗೀತಲ್ಲ ಅಧ್ಯಕ್ಷರೇ, ಮತ್ಯಾಕೆ ತಂದ್ರಿ?” ಎಂದರಂತೆ ಸಾಹೇಬರು.

“ನಮ್ಮನೇಲಿ ಈಗ ಸುರುವಾಗಿದೆ ಸಾ.”

ಹಂದಿ ಬಂದರೆ ಈಗ ಎಣ್ಣೆ ಡಬ್ಬ ಬಡಿಯುತ್ತಾರೆ, ಜೋಳ ಅಷ್ಟಿಷ್ಟು ಹೋಗುತ್ತದೆ. ಕೋವಿ ತೂಗುತ್ತಿದ್ದ ಮೊಳೆಗೆ ಠಾಣೆಯ ರಸೀತಿ ಸಿಕ್ಕಿಸಿದ್ದಾರೆ. ಮರುವರ್ಷ ಆಯುಧಪೂಜೆಗೆ ರಮ್ಯಾ ಅದಕ್ಕೇ ಬೊಟ್ಟಿಟ್ಟಳು. ನಾನು ಕಜ್ಜಾಯದ ಒಲೆ ಬಿಟ್ಟು ಏಳಲಿಲ್ಲ.