ಬೇಲಿಗೆ ಮುನೇಶ್ವರನ ಒಪ್ಪಿಗೆ

ಶಂಕರಪುರಂನ ಆ ಅಡ್ಡರಸ್ತೆಯಲ್ಲಿ ಕಾಂಪೌಂಡ್ ಇಲ್ಲದ ಮನೆ ಒಂದೇ, ಮೈತ್ರೇಯಿಯದು. ಮೊದಲಿಂದ ಇರಲಿಲ್ಲ ಅಂತಲ್ಲ. ಮಳೆನೀರಿನ ಚರಂಡಿ ಅಗೆಯುವಾಗ ಬುಡ ಸಡಿಲವಾಗಿ, ಆಷಾಢದ ಒಂದು ಮಧ್ಯಾಹ್ನ ಮುಂದಿನ ಗೋಡೆ, ಪಕ್ಕದ ಗೋಡೆ ಎರಡೂ ಸುಸ್ತಾದವರ ಹಾಗೆ ಮಲಗಿಬಿಟ್ಟವು. ಯಾರಿಗೂ ಏನೂ ಆಗಲಿಲ್ಲ. ಆದರೆ ಅಂದಿನಿಂದ ಅವಳ ಬಾಗಿಲಿಗೂ ರಸ್ತೆಗೂ ನಡುವೆ ಏನೂ ಉಳಿಯಲಿಲ್ಲ.

ಬೇರೆಯವರಾದರೆ ಎರಡು ತಿಂಗಳು ತಡೆದುಕೊಳ್ಳುತ್ತಿದ್ದರು. ಮೈತ್ರೇಯಿಗೆ ಆಗುತ್ತಿರಲಿಲ್ಲ. ಅವಳ ಮಗಳು ಇಂಚರಾಗೆ ಮೂರೂವರೆ ವರ್ಷ, ಹುಟ್ಟಿನಿಂದ ಕಿವಿ ಕೇಳಿಸದು. ಹಕ್ಕಿಯ ದನಿ ಎಂದು ಆಸೆಪಟ್ಟು ಹೆಸರಿಟ್ಟ ಎಂಟು ತಿಂಗಳ ಮೇಲೆ ಅದು ಗೊತ್ತಾಗಿತ್ತು. ಹಿಂದಿನಿಂದ ಕೂಗಿದರೆ ಮಗು ನಿಲ್ಲುವುದಿಲ್ಲ, ಹಾರ್ನ್ ಹೊಡೆದರೆ ತಿರುಗುವುದಿಲ್ಲ. ಗೋಡೆ ಬಿದ್ದ ನಾಲ್ಕನೇ ದಿನ ಅಳಿಲಿನ ಹಿಂದೆ ಓಡಿ ರಸ್ತೆಯ ಮಧ್ಯೆ ಕೂತಿದ್ದಳು. ಪಾರ್ಸಲ್ ಹುಡುಗನ ಸ್ಕೂಟರು ಒಂದು ಗೇಣು ದೂರದಲ್ಲಿ ಕಿರ್ರೆಂದು ನಿಂತಿತು. ಇಂಚರಾ ತಲೆ ಎತ್ತಿ ಅವನನ್ನು ನೋಡಿ ನಕ್ಕಳು. ಹುಡುಗ ಅತ್ತ.

ಗಂಡ ಶ್ರೀಹರಿ ಔಷಧಿ ಕಂಪನಿಯ ಕೆಲಸಕ್ಕೆ ವಾರದಲ್ಲಿ ನಾಲ್ಕು ದಿನ ಊರೂರು ಸುತ್ತುವವನು. ಮೈತ್ರೇಯಿ ಮನೆಯಲ್ಲೇ ಗಣಿತದ ಟ್ಯೂಷನ್ ಹೇಳಿಕೊಡುತ್ತಿದ್ದಳು. ಈಗ ಒಂದು ಕಣ್ಣು ಲೆಕ್ಕದ ಮೇಲೆ, ಇನ್ನೊಂದು ಬಾಗಿಲ ಮೇಲೆ. ಒಂದು ದಿನ ತಾಳಲಾರದೆ ಹಳೇ ಸೀರೆಯ ಒಂದು ತುದಿಯನ್ನು ಮಗುವಿನ ಸೊಂಟಕ್ಕೆ, ಇನ್ನೊಂದನ್ನು ಮೇಜಿನ ಕಾಲಿಗೆ ಕಟ್ಟಿದಳು. ಇಂಚರಾ ಗಂಟನ್ನು ನೋಡಿದಳು, ಆಮೇಲೆ ಅಮ್ಮನ ಮುಖ ನೋಡಿದಳು. ಅಷ್ಟೇ. ಮೈತ್ರೇಯಿ ಕೂಡಲೇ ಬಿಚ್ಚಿ, ಮಾರನೇ ದಿನವೇ ವಾರ್ಡ್ ಆಫೀಸಿಗೆ ಹೋದಳು.

ಅಲ್ಲಿದ್ದ ಅಸಿಸ್ಟೆಂಟ್ ಇಂಜಿನಿಯರ್ ಮಧುಸೂದನ್ ಒಳ್ಳೆಯವನೇ. ಆದರೆ ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತಷ್ಟೆ, ಹೆದರಿಕೆ ಜಾಸ್ತಿ.

"ತಂತಿ ಬೇಲಿ ಸಾರ್, ಅಷ್ಟೇ. ಹಳೇ ಗೋಡೆ ಇದ್ದ ಕಡೆನೇ ಹಾಕ್ಸ್ತೀನಿ."

"ಹಳೇ ಗೋಡೆ ಸರಿಯಾದ ಕಡೆ ಇತ್ತು ಅಂತ ಏನ್ ಗ್ಯಾರಂಟಿ ಮೇಡಂ? ನಾಳೆ ಪಕ್ಕದ್ಮನೆಯವ್ರು ಬಂದು ನನ್ ಕುತ್ತಿಗೆ ಹಿಡೀತಾರೆ. ಅವ್ರ ಒಪ್ಪಿಗೆ ಪತ್ರ ತನ್ನಿ. ಆಮೇಲೆ ನಿಮ್ ಸೈಟಿನ ಮೂಲೇಲಿ ಬಾಂದುಕಲ್ಲು ಇರತ್ತೆ, ಗಡಿ ಗುರುತಿಗೆ ಸರ್ವೆಯವ್ರು ನೆಟ್ಟಿರೋದು. ಅದರ ಮೇಲಿರೋ ನಂಬರ್ ಫೋಟೋ ಬೇಕು."

"ಅಂಥ ಕಲ್ಲು ನಾನು ನೋಡೇ ಇಲ್ವಲ್ಲ ಸಾರ್."

"ಹುಡುಕಿ. ಇಲ್ಲಾಂದ್ರೆ ಹೊಸದಾಗಿ ಸರ್ವೆಗೆ ಹಾಕ್ಬೇಕು. ನಾಲ್ಕು ತಿಂಗಳೋ ಐದೋ, ನಾನು ಹೇಳಕ್ಕಾಗಲ್ಲ."

ಮನೆಗೆ ಬಂದವಳೇ ಸೆರಗು ಸಿಕ್ಕಿಸಿ ಹಾರೆ ಹಿಡಿದಳು. ಹಿತ್ತಿಲ ಮೂಲೆಯ ಕಲ್ಲು ಕರಿಬೇವಿನ ಬುಡದಲ್ಲಿ ಸಿಕ್ಕಿತು. ಆದರೆ ಅದರ ತಲೆ ಸವೆದು ನಂಬರು ಅಳಿಸಿಹೋಗಿತ್ತು. ಮುಂದಿನ ಮೂಲೆಯದು ಎಷ್ಟು ಅಗೆದರೂ ಇಲ್ಲ.

"ಏನವ್ವ, ನಿಧಿ ಹುಡುಕ್ತಿದೀಯಾ?" ಎಂದಳು ಪಕ್ಕದ ಮನೆಯ ಅಕ್ಕಯಮ್ಮ. ಗಂಡ ಮುನಿಸ್ವಾಮಿ ಅಕ್ಕಿಪೇಟೆಯಲ್ಲಿ ಮಂಡಿ ಇಟ್ಟಿದ್ದವರು, ತೀರಿಕೊಂಡು ಒಂಬತ್ತು ವರ್ಷ. ಮುದುಕಿ ಮಗ ಸ್ವರೂಪನ ಸಂಸಾರದ ಜೊತೆ ಇದ್ದಳು.

"ಬಾಂದುಕಲ್ಲು ಅಜ್ಜಿ. ಅದು ಸಿಗದೆ ಬೇಲಿ ಇಲ್ವಂತೆ."

ಅಕ್ಕಯಮ್ಮ ಅವಳು ಅಗೆದ ಗುಂಡಿಯನ್ನೊಮ್ಮೆ ನೋಡಿದಳು. ಎರಡು ಮನೆಗಳ ನಡುವೆ, ರಸ್ತೆಯ ಕಡೆಗೆ ಇದ್ದ ತನ್ನ ಮುನೇಶ್ವರನಿಗೆ ದೀಪ ಹಚ್ಚಿ ಒಳಗೆ ಹೋದಳು.

ಮುನೇಶ್ವರ ಅಂದರೆ ಮೊಣಕಾಲೆತ್ತರದ ಒಂದು ಕಲ್ಲು. ಅರಿಶಿನ, ಕುಂಕುಮ, ಎಣ್ಣೆ ಮೆತ್ತಿ ಮೆತ್ತಿ ಹಲಸಿನಕಾಯಿಯಂತೆ ದಪ್ಪಗಾಗಿತ್ತು. ಬೀದಿಯವರೆಲ್ಲ ಅದಕ್ಕೆ ನಡೆದುಕೊಳ್ಳುತ್ತಿದ್ದರು. ಹೊಸ ಗಾಡಿ ತಂದವರು ನಿಂಬೆಹಣ್ಣು ಇಡುತ್ತಿದ್ದರು, ಪರೀಕ್ಷೆಗೆ ಹೊರಟ ಟ್ಯೂಷನ್ ಮಕ್ಕಳು ಕೈ ಮುಗಿಯುತ್ತಿದ್ದರು. ಆಸ್ಪತ್ರೆಯಲ್ಲಿ ಇಂಚರಾಳ ಕಿವಿಯ ಪರೀಕ್ಷೆ ಮುಗಿದ ಸಂಜೆ, ದೇವರು ದಿಂಡರು ಅಂತ ತಲೆ ಕೆಡಿಸಿಕೊಳ್ಳದ ಮೈತ್ರೇಯಿಯೂ ಯಾರೂ ನೋಡದಾಗ ಅಲ್ಲಿ ಒಂದು ಕಾಯಿ ಒಡೆದಿದ್ದಳು.

ಮಂಗಳವಾರ ಮಧುಸೂದನ್ ಟೇಪು ಹಿಡಿದು ತಾನೇ ಬಂದ. ಹಿಂದಿನ ಮೂಲೆಯ ಕಲ್ಲಿಗೆ ತುದಿ ಸಿಕ್ಕಿಸಿ, ನಕ್ಷೆಯಲ್ಲಿದ್ದ ಅರವತ್ತು ಅಡಿ ಎಳೆಯುತ್ತ ಮುಂದಕ್ಕೆ ನಡೆದ. ಐವತ್ತೆಂಟು. ಐವತ್ತೊಂಬತ್ತು. ಅರವತ್ತಕ್ಕೆ ಟೇಪಿನ ಡಬ್ಬಿ ಮುನೇಶ್ವರನ ಹೊಟ್ಟೆಗೆ ತಾಗಿತು. ಅವನು ಗಾಬರಿಯಾಗಿ ಶೂ ಬಿಚ್ಚಿದ. ಬಿಚ್ಚಿದ ಮೇಲೆ ಇನ್ನೊಮ್ಮೆ ಟೇಪನ್ನು ನೋಡಿದ.

"ಮೇಡಂ," ಎಂದ ಮೆಲ್ಲಗೆ. "ದೇವ್ರೇ ಬಾಂದುಕಲ್ಲು ಅನ್ಸತ್ತೆ."

ಮೈತ್ರೇಯಿ ಮೆಟ್ಟಿಲ ಮೇಲೆ ಕೂತಳು. ಇಂಚರಾ ಅವಳ ಕೈ ಹಿಡಿದು ನಿಂತಿದ್ದಳು. ನಂಬರು ಕಾಣಬೇಕಾದರೆ ಮೆತ್ತಿದ್ದನ್ನೆಲ್ಲ ಕೆರೆಯಬೇಕು. ಎಂಬತ್ತು ವರ್ಷದ ಹೆಂಗಸಿನ ಎದುರು ನಿಂತು, ನಿಮ್ಮ ದೇವರನ್ನು ಕೆರೀತೀನಿ, ಒಳಗೆ ಸರ್ಕಾರದ ನಂಬರಿದೆ ಅನ್ನುವುದು ಹೇಗೆ? ಅನ್ನದಿದ್ದರೆ ನಾಲ್ಕು ತಿಂಗಳು ಈ ಮಗುವನ್ನು ಹಿಡಿದಿಡುವುದು ಹೇಗೆ?

"ಬೇಡ ಸಾರ್," ಎಂದಳು ಕೊನೆಗೆ. "ಸರ್ವೆಗೇ ಹಾಕಿ. ಹೇಗೋ ನೋಡ್ಕೋತೀನಿ."

"ಏನ್ ನೋಡ್ಕೋತೀಯ?" ಅಕ್ಕಯಮ್ಮ ತನ್ನ ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಮುಖ ಬಿಗಿದಿತ್ತು. ತಟ್ಟನೆ ತಿರುಗಿ ಒಳಗೆ ಹೋದಳು. ಮುಗಿಯಿತು, ಇನ್ನು ಒಪ್ಪಿಗೆ ಪತ್ರವೂ ಇಲ್ಲ ಅಂದುಕೊಂಡಳು ಮೈತ್ರೇಯಿ.

ಮುದುಕಿ ಹೊರಗೆ ಬಂದಾಗ ಒಂದು ಕೈಯಲ್ಲಿ ಹಬೆಯಾಡುವ ನೀರಿನ ತಂಬಿಗೆ, ಇನ್ನೊಂದರಲ್ಲಿ ಸೀಗೆಪುಡಿ.

"ಬಾ, ನೀರು ಹುಯ್ಯಿ. ನನ್ ಸೊಂಟ ಬಗ್ಗಲ್ಲ."

"ಅಜ್ಜಿ, ನಿಜವಾಗ್ಲೂ ಬೇಡ."

"ಹುಯ್ಯವ್ವ. ಇದು ಬಾಂದುಕಲ್ಲು ಅಂತ ನಂಗೆ ಮೊದ್ಲಿಂದ್ಲೂ ಗೊತ್ತು." ಮೈತ್ರೇಯಿ ಸುರಿದ ನೀರಿನಲ್ಲಿ ಅಕ್ಕಯಮ್ಮ ಕಲ್ಲಿನ ತಲೆ ಉಜ್ಜತೊಡಗಿದಳು, ಮಗುವಿಗೆ ಎರೆಯುವ ಹಾಗೆ, ಅಂಗೈಯಲ್ಲಿ. "ನಾವು ಈ ಮನೆ ತಗೊಂಡಾಗ ನಿಮ್ ಮಾವನೋರು ದಿನಾ ಟೇಪ್ ಇಡ್ಕೊಂಡು ಬರೋರು, ಮುನಿಸ್ವಾಮಿ ಒಂದಡಿ ನುಂಗ್ದ ಅಂತ. ನಮ್ ಯಜಮಾನ್ರೇನ್ ಕಮ್ಮಿನಾ? ರಾತ್ರಿ ಯಾರೋ ಕಲ್ಲು ಸರಿಸ್ತಾರೆ ಅಂತ ಇವ್ರ ಅನುಮಾನ. ಒಂದು ಅಮಾಸೆ ದಿನ ಕಲ್ಲಿಗೆ ಅರಿಶಿನ ಕುಂಕುಮ ಬಳಿದು ಮುನೇಶ್ವರ ಅಂದ್ಬುಟ್ರು. ಮಾರ್ನೇ ದಿನ ನಿಮ್ ಮಾವನೋರು ಟೇಪ್ ಕೆಳಗಿಟ್ಟು ಕೈ ಮುಗಿದ್ರು. ಅಲ್ಲಿಗೆ ಜಗಳ ಮುಗೀತು."

ಮಧುಸೂದನ್ ನಗು ತಡೆಯಲು ಆಕಾಶ ನೋಡಿದ.

"ಮತ್ತೆ ಇಷ್ಟು ವರ್ಷ ಪೂಜೆ?"

"ಮೊದ್ಲು ನಾಟಕಕ್ಕೇ ಮಾಡ್ದೆ. ಆಮೇಲೆ ಸ್ವರೂಪಂಗೆ ಟೈಫಾಯ್ಡ್ ಬಂತು. ಅವತ್ತು ನಿಜವಾಗ್ಲೂ ಕೇಳ್ಕಂಡೆ. ಒಂದ್ಸಲ ನಿಜವಾಗ್ಲೂ ಕೇಳ್ಕಂಡ್ಮೇಲೆ ಬರೀ ಕಲ್ಲು ಅನ್ನಕ್ಕಾಗತ್ತಾ, ನೀನೇ ಹೇಳು."

ಮೈತ್ರೇಯಿಯ ಕೈಯಲ್ಲಿ ತಂಬಿಗೆ ನಿಂತಿತು. "ನಾನೂ ಕೇಳ್ಕೊಂಡಿದ್ದೆ ಅಜ್ಜಿ. ಇವಳ ಕಿವಿಗೆ."

"ಗೊತ್ತು. ಕಾಯಿ ಅಷ್ಟು ಓರೆಯಾಗಿ ಒಡೆಯೋಳು ಈ ಬೀದೀಲಿ ನೀನೊಬ್ಳೇ." ಮುದುಕಿ ತಲೆ ಎತ್ತಲಿಲ್ಲ. "ಅದು ಕೊಡ್ಲಿಲ್ಲ. ಬೇಲೀನಾದ್ರೂ ಕೊಡ್ಲಿ ಬುಡು."

ಕೆಂಪು ನೀರು ಹರಿದು ರಸ್ತೆಯ ಅಂಚು ಮುಟ್ಟಿತು. ಕಲ್ಲಿನ ನೆತ್ತಿಯಲ್ಲಿ ಮೊದಲು ಒಂದು ಕೂಡಿಸುವ ಗುರುತು, ಅದರ ಕೆಳಗೆ ಉಳಿಯ ಏಟಿನ ಅಂಕಿಗಳು ಕಂಡವು: ನೂರ ಹದಿನಾಲ್ಕು. ಇಂಚರಾ ಅಮ್ಮನ ಕೈ ಬಿಡಿಸಿಕೊಂಡು ಬಂದು ಆ ಗೀರುಗಳಲ್ಲಿ ಬೆರಳಾಡಿಸಿದಳು. ಅಕ್ಕಯಮ್ಮ ಅವಳ ಬೆರಳು ಹಿಡಿದು ಇನ್ನೊಮ್ಮೆ ಮೇಲಿಂದ ಕೆಳಗೆ ತಿದ್ದಿಸಿದಳು.

ಮಧುಸೂದನ್ ಫೋಟೋ ತೆಗೆದ. ಒಪ್ಪಿಗೆ ಪತ್ರಕ್ಕೆ ಅಕ್ಕಯಮ್ಮ ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದಳು.

"ಬೇಲಿ ಕಲ್ಲನ್ನ ಮುಚ್ಚೋ ಹಾಗಿಲ್ಲ ಅಜ್ಜಿ, ನಂಬರ್ ಯಾವಾಗ್ಲೂ ಕಾಣ್ಬೇಕು," ಎಂದ ಅವನು ಸಂಕೋಚದಿಂದ. "ಕುಂಕುಮ... ಸ್ವಲ್ಪ ಕೆಳಗಡೆ ಇಟ್ರೆ ನಂದೇನೂ ಅಭ್ಯಂತರ ಇಲ್ಲ."

"ಪರವಾಗಿಲ್ವೇ," ಎಂದಳು ಅಕ್ಕಯಮ್ಮ, "ನಮ್ ಮುನೇಶ್ವರಂಗೂ ಪರ್ಮಿಶನ್ ಸಿಕ್ತು."

ಒಂಬತ್ತನೇ ದಿನ ಅನುಮತಿ ಬಂತು. ಶನಿವಾರದೊಳಗೆ ತಂತಿ ಬೇಲಿ ಎದ್ದು, ಗೇಟಿಗೆ ಚಿಲಕ ಬಿತ್ತು. ಕೆಲಸದವರು ಹೋದ ಮೇಲೆ ಮೈತ್ರೇಯಿ ಮಗಳನ್ನು ಅಂಗಳಕ್ಕೆ ಇಳಿಸಿದಳು. ಇಂಚರಾ ಒಂದೇ ಓಟಕ್ಕೆ ಬೇಲಿಯವರೆಗೆ ಹೋಗಿ, ತಂತಿಗೆ ಮೂಗು ಒತ್ತಿ, ಹೋಗುವ ಬರುವ ಗಾಡಿಗಳನ್ನು ನೋಡುತ್ತ ನಿಂತಳು.

ಮೈತ್ರೇಯಿ ಸ್ವಲ್ಪ ಹೊತ್ತು ಬಾಗಿಲಲ್ಲೇ ಇದ್ದಳು. ಆಮೇಲೆ ಮಗುವಿಗೆ ಬೆನ್ನು ತಿರುಗಿಸಿ ಒಳಗೆ ಹೋಗಿ, ಕಾಫಿಗೆ ಹಾಲಿಟ್ಟು, ಅದು ಉಕ್ಕುವ ತನಕ ಹಾಲನ್ನೇ ನೋಡುತ್ತ ನಿಂತಳು.