ಆಮ್ಲಜನಕದ ತಿರುಪು

"ಆಸ್ತಮಾ ಡಾಕ್ಟ್ರೇ, ಮೊದಲಿಂದ್ಲೂ," ಎಂದ ಮಗ.

"ಮೊದಲಿಂದ್ಲೂ ಎಲ್ಲಿತ್ತಣ್ಣ? ನಡುವೆ ಬಂದಿದ್ದು."

"ನೀನು ಮನೇಲಿದ್ರೆ ತಾನೆ ಗೊತ್ತಾಗೋದು!"

ತುರ್ತು ಚಿಕಿತ್ಸಾ ವಿಭಾಗದ ವೈದ್ಯೆಗೆ ಈ ಅಣ್ಣ ತಂಗಿಯರ ಕಿತ್ತಾಟ ಕೇಳಿ ತಲೆ ಚಿಟ್ಟು ಹಿಡಿಯಿತು. ಮಂಚದ ಮೇಲೆ ಅವರ ತಾಯಿ, ಕೈಗಳನ್ನೂರಿ ಮುಂದಕ್ಕೆ ಬಾಗಿ, ತುಟಿ ಚೂಪು ಮಾಡಿ ಉಸಿರು ಬಿಡುತ್ತಿದ್ದಳು. ಎದೆಯಲ್ಲಿ ಸಿಳ್ಳೆ. ಸಿಳ್ಳೆ ಆಸ್ತಮಾದಲ್ಲೂ ಬರುತ್ತದೆ, ಹೊಗೆ ತಿಂದು ಸವೆದ ಶ್ವಾಸಕೋಶದಲ್ಲೂ ಬರುತ್ತದೆ. ಆಸ್ತಮಾ ಬಂದುಹೋಗುವ ನೆಂಟ. ಸವೆದದ್ದು ಮಾತ್ರ ಮನೆ ಬಿಡುವುದಿಲ್ಲ. ಸವೆದವರಿಗೆ ಆಮ್ಲಜನಕವನ್ನು ಅಳೆದೇ ಕೊಡಬೇಕು. ಹೆಚ್ಚಾದರೆ ಒಳಗಿನ ಕೆಟ್ಟ ಗಾಳಿ ಏರಿ, ಮಂಪರಿಗೆ ಜಾರಿದವರು ಏಳದೆಯೇ ಹೋಗಬಹುದು.

"ಒಬ್ರು ಮಾತಾಡಿ. ಉಬ್ಬಸ ಇಲ್ಲದ ದಿನ ಪೂರ್ತಿ ಚೆನ್ನಾಗಿರ್ತಾರಾ?"

"ಓಹೋ, ಗಟ್ಟಿಗಿತ್ತಿ! ನಮಗಿಂತ ಚುರುಕು," ಎಂದ ಮಗ.

"ಬೀಡಿ, ಸಿಗರೇಟು?"

"ಛೆ ಛೆ! ನಮ್ಮಮ್ಮನ್ನ ಹೀಗಾ ಕೇಳೋದು?"

ವೈದ್ಯೆಯ ಅನುಮಾನ ಹೋಗಲಿಲ್ಲ. ನೆಬ್ಯುಲೈಸರ್ ಹಾಕಿಸಿ, ಆಮ್ಲಜನಕವನ್ನು ಸಣ್ಣಗೇ ಇಟ್ಟು, ರಕ್ತವನ್ನು ಪರೀಕ್ಷೆಗೆ ಕಳಿಸಿದಳು. "ಈ ತಿರುಪು ಯಾರೂ ಮುಟ್ಟಬೇಡಿ," ಎಂದು ಪಕ್ಕದ ಮಂಚಕ್ಕೆ ಹೋದಳು.

ತಿರುಗಿ ಬಂದಾಗ ಮುದುಕಿಯ ತಲೆ ವಾಲಿತ್ತು. ಮಗಳು ತುಟಿಗೆ ಬೆರಳಿಟ್ಟು ಪಿಸುಗುಟ್ಟಿದಳು: "ಪಾಪ, ಈಗ ನಿದ್ದೆ ಹತ್ತಿತು. ಗಾಳಿ ಸಾಲ್ತಿರಲಿಲ್ಲ ನೋಡಿ, ಸ್ವಲ್ಪ ಜಾಸ್ತಿ ಮಾಡಿದೆ."

ಸ್ವಲ್ಪವೇನು, ತಿರುಪು ಕೊನೆ ಮುಟ್ಟಿತ್ತು.

"ನಿದ್ದೆಯಲ್ಲ ಕಣಮ್ಮಾ ಇದು! ಕನ್ನಡದಲ್ಲೇ ಹೇಳಿದ್ನಲ್ಲ, ಮುಟ್ಟಬೇಡಿ ಅಂತ!" ವೈದ್ಯೆ ತಿರುಪನ್ನು ಇಳಿಸಿ, ಉಸಿರನ್ನು ಒತ್ತಿ ಕೊಡುವ ಯಂತ್ರಕ್ಕೆ ನರ್ಸನ್ನು ಕೂಗಿದಳು. ಮುಖಕ್ಕೆ ಮಾಸ್ಕ್ ಬಿಗಿದು, "ಅಮ್ಮಾ, ಕಣ್ಣು ಬಿಡಿ, ಕಣ್ಣು ಬಿಡಿ," ಎನ್ನುತ್ತಾ ಭುಜ ಅಲುಗಿಸುತ್ತಲೇ ನಿಂತಳು. ಮಗಳು ಗೋಡೆಗೆ ಅಂಟಿಕೊಂಡು ಅಳುತ್ತಿದ್ದಳು. ರಕ್ತದ ವರದಿಯೂ ಬಂತು: ಅನುಮಾನ ನಿಜವಾಗಿತ್ತು, ಇದು ಬರೀ ಆಸ್ತಮಾ ಅಲ್ಲ, ಸವೆದ ಶ್ವಾಸಕೋಶ.

ಬಹಳ ಹೊತ್ತಿನ ಮೇಲೆ ಮುದುಕಿ ಕಣ್ಣು ಬಿಟ್ಟಳು. ಇನ್ನೂ ಸ್ವಲ್ಪ ಚೇತರಿಸಿಕೊಂಡ ಮೇಲೆ ವೈದ್ಯೆ ಮಾಸ್ಕನ್ನು ಒಂದು ಗಳಿಗೆ ಸರಿಸಿದಳು.

"ಉಸಿರು ಪೂರ್ತಿ ಬಂದು ಎಷ್ಟು ಕಾಲ ಆಯ್ತಮ್ಮಾ?"

"ಇವನ ಮದುವೆಗೂ ಮುಂಚೆ... ಕ್ಯಾಂಟೀನಲ್ಲಿ ಅಡುಗೆ ಕೆಲ್ಸ... ಸೌದೆ ಒಲೆ ಹೊಗೆ..." ಎಂದು ಮುದುಕಿ ತಡೆದು ತಡೆದು ಹೇಳಿದಳು.

"ಮತ್ತೆ ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಯಾರು ಕೇಳಿದ್ರು? ನೀವೂ ಅವನನ್ನೇ ಕೇಳಿದ್ರಲ್ಲ ತಾಯಿ."

ಮಕ್ಕಳಿಗೆಂದು ವೈದ್ಯೆಯ ನಾಲಿಗೆಯ ತುದಿಯಲ್ಲಿದ್ದ ಬೈಗುಳ ಈಗ ಅವಳ ಕಡೆಗೇ ತಿರುಗಿತು.

"ಅದೇನಂದ್ರೆ ಡಾಕ್ಟ್ರೇ, ಅಮ್ಮ ಯಾವಾಗ್ಲೂ..." ಎಂದು ಮಗ ಶುರು ಮಾಡಿದ.

"ನೀವಲ್ಲ," ಎಂದಳು ವೈದ್ಯೆ, ಸ್ಟೂಲನ್ನು ಮುದುಕಿಯ ಹತ್ತಿರಕ್ಕೆ ಎಳೆದುಕೊಳ್ಳುತ್ತಾ.